ಮುಟ್ಟಿದ ಹೊತ್ತು

ನಾನು ಬರೆದ ಪ್ರೋಗ್ರಾಮಿನಲ್ಲಿ ಇಪ್ಪತ್ತೆರಡು ಸಾಲುಗಳಿದ್ದವು. ಇಪ್ಪತ್ತಮೂರು ಇರಬೇಕಾಗಿತ್ತು. ಆ ಇಲ್ಲದ ಒಂದು ಸಾಲಿಗಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಬೇರೆ ಯಾರೂ ಬೈಯಲಿಲ್ಲ ಎಂಬುದು ಇನ್ನೊಂದು ಸಂಕಟ.

ನನ್ನ ಹೆಸರು ಗುದ್ಲೆಪ್ಪ. ಗದಗಿನ ಹೊರಗೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ, ಚಂದ್ರನ ಜತೆ ಮಾತಾಡುವ ದೊಡ್ಡ ಆಂಟೆನಾ ಇರುವ ಕೇಂದ್ರವೊಂದಿದೆ. ಅಲ್ಲಿ ಮೂವತ್ತು ವರ್ಷದಿಂದ ಪಿಎಚ್‌ಪಿ ಬರೆಯುತ್ತಿದ್ದೇನೆ. ಪಿಎಚ್‌ಪಿ ಎಂದರೆ ವೆಬ್ ಪುಟಗಳನ್ನು ಕಟ್ಟುವ ಹಳೆಯ ಭಾಷೆ. ಸತ್ತಿತು, ಸತ್ತಿತು ಎಂದು ನಾನು ಕಾಲೇಜಿನಲ್ಲಿದ್ದಾಗಿನಿಂದ ಜನ ಹೇಳುತ್ತಲೇ ಬಂದಿದ್ದಾರೆ. ಈಗ ೨೦೫೭. ಹಾಗೆ ಹೇಳಿದವರೆಲ್ಲ ನಿವೃತ್ತರಾದರು. ಭಾಷೆ ಇನ್ನೂ ಕೆಲಸಕ್ಕೆ ಬರುತ್ತಿದೆ, ನಾನೂ ಬರುತ್ತಿದ್ದೇನೆ.

ಕಥೆ ತಿಳಿಯಬೇಕಾದರೆ ಒಂದೇ ಒಂದು ಸಂಗತಿ ಗೊತ್ತಿರಬೇಕು. ಯಾವುದೇ ಫೈಲಿಗೆ ಒಳಗೊಂದು ವಿಷಯ ಇರುತ್ತದೆ, ಹೊರಗೊಂದು ಹೊತ್ತು ಅಂಟಿಕೊಂಡಿರುತ್ತದೆ. ಕೊನೆಯ ಸಲ ಅದನ್ನು ಯಾವಾಗ ತಿದ್ದಿದರು ಎಂಬ ಹೊತ್ತು. ೧೯೭೦ರ ಜನವರಿ ಒಂದರಿಂದ ಎಣಿಸಿದ ಸೆಕೆಂಡುಗಳು ಅವು, ಬರೀ ಹತ್ತು ಅಂಕಿ. ‘ಟಚ್’ ಎಂಬ ಆಜ್ಞೆ ಕೊಟ್ಟರೆ ಒಳಗಿನ ವಿಷಯಕ್ಕೆ ಕೈ ಹಚ್ಚದೆ ಆ ಹೊತ್ತನ್ನಷ್ಟೇ ಬದಲಿಸಬಹುದು. ನಮ್ಮ ಕೇಂದ್ರದಲ್ಲಿ ಅದಕ್ಕೆ ಮುಟ್ಟುವುದು ಎನ್ನುತ್ತೇವೆ. ಈಗಿನ ಹೊತ್ತನ್ನೇ ಹಚ್ಚಬೇಕೆಂಬ ನಿಯಮವೇನೂ ಇಲ್ಲ. ಬೇಕಾದ ದಿನ, ಬೇಕಾದ ಗಂಟೆ ಕೊಟ್ಟು ಮುಟ್ಟಬಹುದು.

ಚಂದ್ರನ ಪಡುವಣ ಅಂಚಿನಲ್ಲಿ ನಮ್ಮ ಮೂರನೆಯ ಠಾಣೆ ಇತ್ತು. ಅಲ್ಲಿ ಸಿಂಚನಾ ಹೊಸಮನಿ ಎಂಬ ಮೂವತ್ತನಾಲ್ಕರ ವಿಜ್ಞಾನಿ ಒಬ್ಬಳೇ ಇದ್ದಳು. ಜತೆಗಾರ ಸಾಮಾನು ತರಲು ಮುನ್ನೂರು ಕಿಲೋಮೀಟರ್ ದೂರದ ಮೂಲ ಠಾಣೆಗೆ ಹೋಗಿದ್ದ. ಸಿಂಚನಾ ಇದ್ದಲ್ಲಿ ಬೆಳಗಾಗುತ್ತಿದ್ದ ಹೊತ್ತಿಗೆ ಉಲ್ಕೆಯ ಚೂರುಗಳು ಬಿದ್ದು ಠಾಣೆಯ ದೊಡ್ಡ ಆಂಟೆನಾ ಮುರಿಯಿತು. ನಾವು ಕೂಗಿದ್ದು ಅಲ್ಲಿಗೆ ಕೇಳುತ್ತಿತ್ತು. ಅಲ್ಲಿಂದ ಮಾತು, ಚಿತ್ರ, ಅಕ್ಷರ ಏನೂ ಬರುವಂತಿರಲಿಲ್ಲ. ಉಳಿದದ್ದು ಆಪತ್ತಿಗೆಂದು ಇಟ್ಟಿದ್ದ ಅಂಗೈಯಗಲದ ಪ್ರೇಷಕ ಒಂದೇ. ಅದು ‘ಹಾಜರಿ’ ಎಂಬ ಫೈಲಿನ ಹೊತ್ತನ್ನು, ಆ ಹತ್ತು ಅಂಕಿಗಳನ್ನು, ಹತ್ತು ನಿಮಿಷಕ್ಕೊಮ್ಮೆ ಕಳಿಸುತ್ತದೆ. ಅವಳು ಅಲ್ಲಿ ಹಾಜರಿಯನ್ನು ಮುಟ್ಟಿದರೆ ಇಲ್ಲಿ ನಮ್ಮ ಹಾಜರಿಯ ಹೊತ್ತು ಬದಲಾಗುತ್ತದೆ. ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವ ಪುಟ ನನ್ನದು.

ಮೊದಲೆಲ್ಲ ಯಾರಾದರೂ ಪುಟ ತೆರೆದಾಗಷ್ಟೇ ಪ್ರೋಗ್ರಾಮು ಹೊಸದಾಗಿ ಓಡಿ ಹೊತ್ತು ನೋಡಿ ಬರುತ್ತಿತ್ತು. ಉಲ್ಕೆ ಬಿದ್ದ ದಿನ ನಮ್ಮ ನಿರ್ದೇಶಕಿ ಡಾ. ರುಕ್ಸಾನಾ ಮುಲ್ಲಾ, “ಗುದ್ಲೆಪ್ಪ ಅವರ, ಅದು ಕಣ್ಣು ಮಿಟುಕಿಸದಂಗ ನೋಡಕೋತ ಇರಬೇಕ್ರಿ,” ಎಂದರು. ನಾನು ಗಡಿಬಿಡಿಯಲ್ಲಿ ಅದನ್ನು ನಿಲ್ಲದೆ ಸುತ್ತುವ ಹಾಗೆ ಮಾಡಿದೆ. ಹತ್ತು ಸೆಕೆಂಡಿಗೊಮ್ಮೆ ಕೇಳು, ತೋರಿಸು, ಮತ್ತೆ ಕೇಳು. ಗೋಡೆಯ ಮೇಲೆ ಮುಂಜಾನೆ ಏಳು ಹದಿನಾರು ಎಂದು ಬಂತು. ಅಲ್ಲಿಗೆ ನಿಂತುಬಿಟ್ಟಿತು. ಒಂಬತ್ತು ದಿನ ನಿಂತೇ ಇತ್ತು.

ಚಂದ್ರನ ಒಂದು ಹಗಲೆಂದರೆ ನಮ್ಮ ಹದಿನಾಲ್ಕು ದಿನ. ಅಲ್ಲಿ ಓಡಾಡುವ ಗಾಡಿ ಬಿಸಿಲಿನಿಂದಲೇ ಓಡುತ್ತದೆ. ಮೂಲ ಠಾಣೆಯಿಂದ ಅವಳಿದ್ದಲ್ಲಿಗೆ ಗಾಡಿಗೆ ಐದು ದಿನದ ಹಾದಿ, ಒಂಬತ್ತು ದಿನ ಕಳೆದು ಅಲ್ಲಿ ಹೊತ್ತು ಮುಳುಗಲು ಉಳಿದದ್ದೂ ಐದೇ ದಿನ ಚಿಲ್ಲರೆ. ಹತ್ತನೆಯ ದಿನದ ಸಂಜೆಯೊಳಗೆ ಹೊರಟರೆ ಉಂಟು, ಇಲ್ಲವಾದರೆ ಇಲ್ಲ. ಗಾಡಿಯಲ್ಲಿ ಹೋಗುವವರು ಇಬ್ಬರು, ಅವರಿಗೂ ಮನೆಮಾರು ಇದೆ. ಸತ್ತವಳನ್ನು ತರಲು ಬದುಕಿದ ಇಬ್ಬರನ್ನು ಕತ್ತಲೆಯ ಬಾಯಿಗೆ ಕಳಿಸುವುದು ಸಾಧ್ಯವಿಲ್ಲ ಎಂದು ಸಭೆ ತೀರ್ಮಾನಿಸಿತ್ತು. ಗೋಡೆಯ ಮೇಲೆ ಏಳು ಹದಿನಾರು ಇರುವಾಗ ಯಾರು ಏನು ವಾದಿಸುತ್ತಾರೆ? ನಾನೂ ವಾದಿಸಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಮುಲ್ಲಾ ಮೇಡಂ ಸಿಂಚನಾಳ ತಾಯಿಯನ್ನು ಕರೆಸಿದರು. “ಫೋನಿನ್ಯಾಗ ಹೇಳೋ ಮಾತಲ್ಲ ಇದು,” ಎಂದರು.

ತಾಯಿ ದ್ರಾಕ್ಷಾಯಣಿ, ಮುಳಗುಂದದವರು. ಮೂವತ್ತೆಂಟು ವರ್ಷ ಹೆರಿಗೆ ಮಾಡಿಸಿ ಈ ವರ್ಷ ನಿವೃತ್ತಿಯಾದ ನರ್ಸ್. ಊರಿಗೆಲ್ಲ ಸಿಸ್ಟರ್. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮೇಡಂ ಕೈ ಹಿಡಿದುಕೊಂಡು ಹೇಳಿದ್ದನ್ನೆಲ್ಲ ಅವರು ಪೂರ್ತಿ ಕೇಳಿದರು. ಅಳಲಿಲ್ಲ. ಸೆರಗು ಸರಿಮಾಡಿಕೊಂಡು, “ಅದನ್ನ ನೋಡಬಹುದೇನ್ರಿ?” ಎಂದರು.

ಅವರನ್ನು ಕಂಟ್ರೋಲ್ ರೂಮಿಗೆ ಕರೆತಂದದ್ದು ನಾನು.

“ಇದs ಹಾಜರಿ ನೋಡ್ರಿ ಅಕ್ಕಾರ. ಆಕಿ ಅಲ್ಲಿ ಮುಟ್ಟಿದರ ಇಲ್ಲಿ ಹೊತ್ತು ಬದಲಾಗತೈತಿ. ಬೇಕಾದ ದಿನ, ಬೇಕಾದ ಹೊತ್ತು ಕೊಟ್ಟೂ ಮುಟ್ಟಬಹುದು. ಒಂಬತ್ತು ದಿನ ಆತ್ರಿ, ಬದಲಾಗಿಲ್ಲ.”

“ಯಾರು ನೋಡಿ ಹೇಳತಾರ?”

“ಪ್ರೋಗ್ರಾಮು ರೀ. ಹತ್ತು ಸೆಕೆಂಡಿಗೊಮ್ಮೆ ನೋಡತೈತಿ.”

ಅವರು ಗೋಡೆಯ ಹತ್ತಿರ ಹೋದರು. “ಪ್ರತಿ ಸಲ ಹೊಸದಾಗಿ ನೋಡತೈತೇನ್ರಿ? ಇಲ್ಲಾ, ಮೊದಲು ನೋಡಿದ್ದನ್ನs ಹೇಳಕೋತ ಕುಂತೈತೇನು?”

ನನಗೆ ಸಿಟ್ಟು ಬಂತು. ಮಗಳನ್ನು ಕಳಕೊಂಡ ಹೆಂಗಸು ಎಂದು ನುಂಗಿಕೊಂಡೆ. ಅವರು ಮುಂದುವರಿಸಿದರು: “ನಾ ನೌಕರಿಗೆ ಸೇರಿದಾಗ ಪಾದರಸದ ಥರ್ಮಾಮೀಟರ್ ಇದ್ದವ್ರಿ. ಒಮ್ಮೆ ಏರಿತಂದ್ರ ಅಲ್ಲೇ ನಿಂದರತಿತ್ತು. ಝಾಡಿಸಿ ಇಳಸಬೇಕು. ಝಾಡಿಸದ ಹಂಗ ಹತ್ತು ಮಂದಿ ಬಗಲಾಗ ಇಟ್ರ ಹತ್ತೂ ಮಂದಿಗೆ ನೂರಾ ಮೂರು ಜ್ವರ. ನಾನs ಒಮ್ಮೆ ಹಂಗ ಬರದು ಡಾಕ್ಟರ ಕಡೆ ಉಗಿಸಿಕೊಂಡೇನಿ. ಅದಕ್ಕ ಕೇಳಿದೆ. ನೀವು ಝಾಡಿಸೀರೇನು?”

ನಾನು ಪ್ರೋಗ್ರಾಮು ತೆರೆದು ನೋಡಿದೆ.

ಪಿಎಚ್‌ಪಿಗೆ ಒಂದು ಗುಣವಿದೆ. ಒಂದು ಫೈಲಿನ ಹೊತ್ತನ್ನು ಒಮ್ಮೆ ಕೇಳಿದರೆ ಉತ್ತರವನ್ನು ನೆನಪಿಟ್ಟುಕೊಳ್ಳುತ್ತದೆ. ಅದೇ ಓಟದಲ್ಲಿ ಮತ್ತೆ ಕೇಳಿದರೆ ಡಿಸ್ಕಿನ ತನಕ ಹೋಗುವ ಶ್ರಮವೇಕೆಂದು ನೆನಪಿನಲ್ಲಿದ್ದುದನ್ನೇ ಹೇಳುತ್ತದೆ. ಮರೆತು ಹೊಸದಾಗಿ ನೋಡು ಎನ್ನಲು ‘ಕ್ಲಿಯರ್‌ಸ್ಟ್ಯಾಟ್‌ಕ್ಯಾಶ್’ ಎಂದು ಒಂದು ಸಾಲು ಬರೆಯಬೇಕು. ಕಲಿಯುವವರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ಮಾತು. ಎಷ್ಟೋ ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಪುಟ ಪ್ರತಿ ಸಲ ಹೊಸದಾಗಿ ಓಡುತ್ತಿದ್ದ ಕಾಲದಲ್ಲಿ ಅದರ ಅಗತ್ಯ ಬೀಳುತ್ತಿರಲಿಲ್ಲ. ಸುತ್ತುವ ಹಾಗೆ ಮಾಡಿದ ದಿನ ಬಿದ್ದಿತ್ತು, ನಾನು ಬರೆದಿರಲಿಲ್ಲ.

ಕೂತು ಆ ಸಾಲು ಬರೆದೆ. ಎರಡು ಸಲ ತಪ್ಪು ಬರೆದೆ. ಪ್ರೋಗ್ರಾಮು ನಿಲ್ಲಿಸಿ ಮತ್ತೆ ಓಡಿಸಿದೆ.

ಗೋಡೆಯ ಮೇಲೆ ಅದೇ ದಿನದ ತಾರೀಖು ಬಂತು. ಹತ್ತು ಗಂಟೆ ಐವತ್ತೆರಡು ನಿಮಿಷ. ಎಂದರೆ ಎಂಟು ನಿಮಿಷದ ಹಿಂದೆ.

ರೂಮಿನಲ್ಲಿದ್ದವರೆಲ್ಲ ಎದ್ದು ನಿಂತರು. ಯಾರೋ ಚಪ್ಪಾಳೆ ಹೊಡೆದರು, ಯಾರೋ ಹೋಗಿ ಮೇಡಂ ಅವರನ್ನು ಕರೆತಂದರು. ನಾನು ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಬೈಯಲಿಲ್ಲ.

“ಒಂಬತ್ತು ದಿನದಾಗ ಆಕಿ ಏನೇನು ಹೇಳ್ಯಾಳ್ರಿ ಹಂಗಾರ?” ಎಂದು ತಾಯಿ ಕೇಳಿದರು.

“ಗೊತ್ತಿಲ್ರಿ ಅಕ್ಕಾರ. ಫೈಲಿಗೆ ಇರೋದು ಒಂದs ಹೊತ್ತು. ಹೊಸದು ಬಂದ್ರ ಹಳೇದು ಹೋಗತೈತಿ.”

ಅವರು ನನ್ನನ್ನು ನೋಡಿದ ನೋಟ ನನಗೆ ತಕ್ಕದ್ದೇ ಆಗಿತ್ತು. ಅದಕ್ಕಿಂತ ಹೆಚ್ಚಿನದೂ ತಕ್ಕದ್ದೇ.

ಮೇಡಂ ಮಾತ್ರ ಕುಣಿದಾಡಲಿಲ್ಲ. ಅವರ ಕೆಲಸವೇ ಅಂಥದ್ದು. “ಅಲ್ಲಿ ‘ಕಾವಲು’ ಅಂತ ಒಂದು ಪ್ರೋಗ್ರಾಮ್ ಐತ್ರಿ,” ಎಂದು ತಾಯಿಗೆ ಬಿಡಿಸಿ ಹೇಳಿದರು. “ಮನುಷ್ಯಾರು ಮುಟ್ಟದಿದ್ರ ತಾಸಿಗೊಮ್ಮೆ ಅದs ಮುಟ್ಟತದ. ಮಾತು ಅರ್ಥ ಮಾಡಿಕೊಂಡು ಸಿಬ್ಬಂದಿ ಕಡತದಾಗ ಇದ್ದದ್ದನ್ನ ನೋಡಿ ಉತ್ತರಾನೂ ಕೊಡತದ. ಮುಟ್ಟಿದ್ದು ಯಾರು ಅಂತ ಈ ಹೊತ್ತು ಹೇಳೂದಿಲ್ಲ. ಠಾಣೆ ಜೀವಂತ ಐತಿ ಅಂತ ಗೊತ್ತಾತು. ಸಿಂಚನಾ…”

“ಹಂಗಾರ ಆಕೀನ್ನs ಕೇಳೂಣ,” ಎಂದರು ತಾಯಿ.

ಗಡಿಯಾರ ನೋಡಿದೆವು. ಆ ದಿನ ಚಂದ್ರ ಮುಳುಗುವುದು ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ. ಮುಳುಗಿದ ಮೇಲೆ ನಮ್ಮ ಆಂಟೆನಾಕ್ಕೆ ಅದು ಕಾಣುವುದಿಲ್ಲ, ಆ ಪುಟ್ಟ ಪ್ರೇಷಕದ ದನಿ ಕೇಳುವಷ್ಟು ದೊಡ್ಡ ಆಂಟೆನಾ ಬೇರೆಲ್ಲೂ ಇಲ್ಲ, ಮತ್ತೆ ಮೂಡುವಷ್ಟರಲ್ಲಿ ಗಾಡಿ ಹೊರಡುವ ಗಡುವು ದಾಟಿರುತ್ತದೆ. ಆಂಟೆನಾವನ್ನು ಕೇಳುವುದರಿಂದ ಕೂಗುವುದಕ್ಕೆ ಬದಲಿಸಿ ಸಜ್ಜು ಮಾಡುವಷ್ಟರಲ್ಲಿ ಹನ್ನೆರಡು ದಾಟಿತು. ಒಂದು ಪ್ರಶ್ನೆ, ಒಂದು ಉತ್ತರ. ಅಷ್ಟಕ್ಕೇ ಹೊತ್ತಿತ್ತು.

“ಕಡತದಾಗ ಇರಲಾರದ್ದನ್ನ ಕೇಳ್ರಿ. ನಿಮಗ, ಆಕಿಗೆ ಇಬ್ಬರಿಗೇ ಗೊತ್ತಿರೋದು,” ಎಂದು ಮೇಡಂ ಎರಡೆರಡು ಸಲ ಹೇಳಿದರು. ತಾಯಿ ಹೂಂ ಎಂದರು. ಮೈಕು ಬಾಯಿಗೆ ಬಂದ ಕೂಡಲೇ ಆ ಗಟ್ಟಿ ಹೆಂಗಸಿನ ದನಿ ಒಡೆಯಿತು.

“ಸಿಂಚೂ… ನಾನವ್ವಾ, ಅವ್ವ. ಕೇಳತೈತೇನು? ನಾ ನಿನ್ನ ಹಡದದ್ದು ಯಾವಾಗ ಹೇಳವ್ವಾ. ಆ ಹೊತ್ತು ಕೊಟ್ಟು ಮುಟ್ಟು.”

ಮೇಡಂ ಹಣೆ ಹಿಡಿದುಕೊಂಡರು. “ಸಿಸ್ಟರ್, ಹುಟ್ಟಿದ ತಾರೀಖು ಕಡತದ ಮೊದಲನೇ ಸಾಲಿನ್ಯಾಗ ಐತಲ್ರಿ! ಕಾವಲಿಗೂ ಗೊತ್ತು ಅದು.”

“ಬಾಯಿಗೆ ಅದs ಬಂತ್ರಿ,” ಎಂದರು ಅವರು. ಇನ್ನೊಮ್ಮೆ ಕೇಳಲು ವೇಳೆ ಇರಲಿಲ್ಲ.

ಹನ್ನೆರಡು ಮೂವತ್ತಾರಕ್ಕೆ ಗೋಡೆ ಬದಲಾಯಿತು.

೨೦೨೩ ಮಾರ್ಚ್ ೮, ೦೩:೪೦.

ಕಡತ ತೆರೆದು ನೋಡಿದೆ. ಹುಟ್ಟಿದ ದಿನ ೨೦೨೩ರ ಮಾರ್ಚ್ ೯, ಗುರುವಾರ, ಬೆಳಗಿನ ಜಾವ ಮೂರು ನಲವತ್ತು. ಗಂಟೆ ಸರಿ, ನಿಮಿಷ ಸರಿ, ದಿನ ತಪ್ಪು. ಅಷ್ಟರಲ್ಲಿ ಚಂದ್ರ ಮುಳುಗಿತು. ಪರದೆಯ ಮೂಲೆಯಲ್ಲಿ ಸಂಪರ್ಕದ ಹಸಿರು ದೀಪ ಆರಿತು.

“ಒಂದು ದಿನ ಹಿಂದ,” ಎಂದರು ಮೇಡಂ ಮೆಲ್ಲಗೆ. “ಕಾವಲಿನ ನೆನಪು ಕೆಡ್ಲಿಕ್ಕತ್ತದ. ಸಿಸ್ಟರ್… ಮಗಳಾಗಿದ್ರ ತನ್ನ ಹುಟ್ಟಿದ ದಿನ ತಪ್ಪತಿದ್ದಿಲ್ರಿ.”

ತಾಯಿ ಆ ಮಾತನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಬಾಯಿಯ ಮೇಲೆ ಸೆರಗು ಒತ್ತಿಕೊಂಡು ಗೋಡೆಯನ್ನೇ ನೋಡುತ್ತಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದರು.

“ಆಕೀನs ರೀ! ನನ್ನ ಮಗಳs! ನಾ ಆಕೀನ್ನ ಹಡದದ್ದು ಬುಧವಾರ ರಾತ್ರಿ!”

“ಕಡತದಾಗ ಗುರುವಾರ ಐತ್ರಿ.”

“ಕಡತ ಬರದವರು ಹನ್ನೆರಡು ಹೊಡದಕೂಡ್ಲೆ ದಿನ ಬದಲಿಸಿದ್ರು, ಅವರ ಮಶಿನ್ ಹಂಗs ಹೇಳತಿತ್ತು. ನಮ್ಮ ಮನ್ಯಾಗ ಹೊತ್ತು ಮೂಡಿದ ಮ್ಯಾಲೇ ದಿನ ಬದಲಾಗೋದ್ರಿ. ಕ್ವಾಳಿ ಕೂಗೋ ಮುಂದ ಹುಟ್ಟಿದ್ರೂ ಅದು ಹಿಂದಿನ ದಿನದ ರಾತ್ರೀನs. ಎಂಟನೇ ತಾರೀಖು, ಬುಧವಾರ ರಾತ್ರಿ, ಮೂರು ನಲವತ್ತು. ವರ್ಷಾ ಹಂಗs ಹೇಳೇನಿ ಆಕಿಗೆ, ವರ್ಷಾ ಎಂಟಕ್ಕs ಹೋಳಿಗಿ ಮಾಡೇನಿ. ಅರ್ಜಿ ತುಂಬೋ ಮುಂದ ಒಂಬತ್ತು ಬರೀತಾಳ. ನಾ ಕೇಳಿದ್ರ ಎಂಟು ಅಂತಾಳ. ಆಕಿ ಸರಕಾರಕ್ಕ ಉತ್ತರ ಕೊಟ್ಟಿಲ್ರಿ, ನನಗ ಕೊಟ್ಟಾಳ.”

ನನ್ನ ತಲೆ ಒಂಬತ್ತು ದಿನದಲ್ಲಿ ಮೊದಲ ಸಲ ಸರಿಯಾಗಿ ಓಡಿತು.

“ಮೇಡಂ,” ಎಂದೆ, “ಐದೂವರೆ ತಾಸಿನ ವ್ಯತ್ಯಾಸ ಆಗಿದ್ರ ನಾ ಸುಮ್ನಿರತಿದ್ದೆ. ಗ್ರೀನಿಚ್ ಹೊತ್ತು, ನಮ್ಮ ಹೊತ್ತು ಅದಲುಬದಲಾಗೋದು ನನಗ ಹಳೇ ಪರಿಚಯ. ಇದು ಬರೋಬ್ಬರಿ ಎಂಬತ್ತಾರು ಸಾವಿರದ ನಾನೂರು ಸೆಕೆಂಡು. ನೆನಪು ಕೆಟ್ಟು ಒಂದು ಬಿಟ್, ಅಂದ್ರ ಒಳಗಿನ ಒಂದು ಸೊನ್ನಿ, ಆಕಡೆ ಈಕಡೆ ಆದ್ರ ಸಂಖ್ಯೆ ಒಂದು ದಿನದ ಆಜುಬಾಜು ಅಂದ್ರ ಅರವತ್ತೈದು ಸಾವಿರ ಚಿಲ್ಲರೆ ಸರೀತೈತಿ, ಇಲ್ಲಾಂದ್ರ ಒಂದು ಲಕ್ಷ ಮೂವತ್ತೊಂದು ಸಾವಿರ. ಬರೋಬ್ಬರಿ ಒಂದು ದಿನ ಸರಿಯೂದಿಲ್ರಿ. ಕಾವಲು ಉತ್ತರ ಕೊಟ್ಟಿದ್ರ ಒಂಬತ್ತು ಅಂತಿತ್ತು. ಸರಿ ಉತ್ತರ ಬಂದಿದ್ರ ನಮಗ ಏನೂ ತಿಳೀತಿದ್ದಿಲ್ಲ.”

ಮೇಡಂ ಯಾರಿಗೆ ಎನ್ನದೆ ಹೇಳಿದರು: “ನಮ್ಮ ದಾದಿಗೆ, ಅಂದ್ರ ನಮ್ಮಪ್ಪನ ಅವ್ವಗ, ದಿನ ಸುರು ಆಗೋದು ಹೊತ್ತು ಮುಳುಗಿದ ಮ್ಯಾಲೆ. ಗುರುವಾರ ಸಂಜೀನ್ನ ಜುಮ್ಮಾದ ರಾತ್ರಿ, ಶುಕ್ರವಾರದ ರಾತ್ರಿ ಅಂತಿದ್ರು. ಸಾಲ್ಯಾಗ ನಾ ಅದನ್ನs ಬರದು ಮಾಸ್ತರ ಕಡೆ ಹೊಡಿಸಿಕೊಂಡೇನಿ. ನನಗೂ ನನ್ನ ಮನೀ ದಿನಾನs ಖರೇ ಅನಸತಿತ್ತು.”

ಎದ್ದು ಫೋನು ತೆಗೆದುಕೊಂಡು, ಚಂದ್ರ ಇನ್ನೂ ಕಾಣುತ್ತಿದ್ದ ಪಡುವಣ ದೇಶವೊಂದರ ಕೇಂದ್ರದ ಮೂಲಕ ಮೂಲ ಠಾಣೆಗೆ ಹೇಳಿದರು: “ಗಾಡಿ ಹೊರಡಸ್ರಿ. ಜವಾಬ್ದಾರಿ ನಂದು.”

ಸಂಜೆ ಸಿಸ್ಟರನ್ನು ಮುಳಗುಂದಕ್ಕೆ ಬಿಡಲು ನಾನೇ ಹೋದೆ. ಹಾದಿಯಲ್ಲಿ ತಪ್ಪಾಯಿತು ಎಂದೆ. ಹೇಳದೆ ಇರಲಾಗಲಿಲ್ಲ.

“ನಿಮ್ಮ ಮ್ಯಾಲೆ ಸಿಟ್ಟು ಬಂದೈತ್ರಿ ಅಣ್ಣಾರ, ಸುಳ್ಳ್ಯಾಕ ಹೇಳ್ಲಿ,” ಎಂದರು ಅವರು. “ಆದ್ರ ಈಗ ಸಿಟ್ಟು ಮಾಡಾಕ ನನಗ ಪುರಸೊತ್ತಿಲ್ಲ. ಆಕೀ ಕೂಡ ಮಾತಾಡೋದು ಐತಿ. ಆ ಮೈಕು ನಮ್ಮ ಮನೀಗೇ ಜೋಡಿಸಿ ಕೊಡತೀರೇನು?”

ಕೊಟ್ಟೆ. ಮುಂದಿನ ಐದು ದಿನ ನನ್ನ ಕಚೇರಿ ಅವರ ಪಡಸಾಲೆ. ಚಂದ್ರ ಕಾಣುವಷ್ಟು ಹೊತ್ತು ಸಿಸ್ಟರು ಮೈಕಿನ ಮುಂದೆ ಕೂತಿರುತ್ತಿದ್ದರು. ನಾನು ಪುಟ ತೆರೆದುಕೊಂಡು ಎದುರಿಗೆ. ಅವರು ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದರು, ಆ ಸಪ್ಪಳವೂ ಚಂದ್ರನಿಗೆ ಹೋಗುತ್ತಿತ್ತು. ಬಿಪಿ ತೋರಿಸಿಕೊಳ್ಳಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು, “ಸಿಂಚೂ, ನಾ ಕಳಸದ ಲಲಿತಕ್ಕ ಅದೇನಿ, ಧೈರ್ಯಾ ಬಿಡಬ್ಯಾಡ,” ಎಂದು ಕೂಗಿ ಹೋಗುತ್ತಿದ್ದರು.

ಅವಳ ಉತ್ತರಗಳೆಲ್ಲ ತಾರೀಖುಗಳು. ಮೊದಲನೆಯದು ಬಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ೨೦೩೩ ಜೂನ್ ೧೯, ೧೪:೦೫. ಸಿಸ್ಟರು ಹಿಟ್ಟಿನ ಕೈಯಲ್ಲೇ ನಿಂತು ನೆನಪಿಸಿಕೊಂಡರು.

“ಬಡಿಗ್ಯಾರ ಶಂಕ್ರವ್ವನ ಹೆರಿಗಿ. ಕೂಸು ನಾಕು ನಿಮಿಷ ಅಳಲಿಲ್ರಿ. ಉಸುರs ಇದ್ದಿದ್ದಿಲ್ಲ. ಆಮ್ಯಾಲೆ ಅತ್ತ. ಈಗ ಹುಬ್ಬಳ್ಳ್ಯಾಗ ಲಾರಿ ಓಡಸ್ತಾನ.”

ತಾವು ಮಾಡಿಸಿದ ಹೆರಿಗೆಗಳನ್ನು ಅವರು ಡೈರಿಯಲ್ಲಿ ಬರೆದಿಡುತ್ತಿದ್ದರಂತೆ. ಅಕ್ಷರ ಕೋಳಿಕಾಲು. ಮಗಳು ಎಂಟು ವರ್ಷದವಳಿದ್ದಾಗಿನಿಂದ ಅದನ್ನೆಲ್ಲ ಗುಂಡು ಅಕ್ಷರದಲ್ಲಿ ನಕಲು ಮಾಡಿದವಳು. ತಾಯಿ ಮಗಳಿಬ್ಬರಿಗೂ ಊರಿನ ಹುಟ್ಟು ಬಾಯಿಪಾಠ.

“ಗಾಳಿ ಕಡಿಮಿ ಆಗೇತಿ ಅಂತಾಳ,” ಎಂದರು ಸಿಸ್ಟರು. ಮುಖ ಬಿಗಿದಿತ್ತು. “ಆದ್ರ ತಡಕೊಂಡೇನಿ ಅಂತಾಳ. ಆ ಕೂಸಿನಂಗ.”

ಅಂದಿನಿಂದ ಅವರು ಮೈಕಿನಲ್ಲಿ ಮಾತಾಡಿದ್ದು ಹೆರಿಗೆ ಕೋಣೆಯ ದನಿಯಲ್ಲಿ. ಎಡಮಗ್ಗುಲಾಗು. ಸಾವಕಾಶ ತಗೊ. ಸಾವಕಾಶ ಬಿಡು. ಅವಸರಾ ಮಾಡಬ್ಯಾಡ, ಯಾರೂ ಬೆನ್ನು ಹತ್ತಿಲ್ಲ. ನಾ ಇಲ್ಲೇ ಅದೇನಿ. ಗಂಟೆಗಟ್ಟಲೆ ಅದೇ. ಎದುರಿಗೆ ಕೂತ ನನ್ನ ಉಸಿರೂ ಅವರ ಮಾತಿನ ಜತೆ ನಿಧಾನವಾಗುತ್ತಿತ್ತು. ಇಂಥ ತಾಯಿ ನನಗಿದ್ದಿದ್ದರೆ ಎಂದು ಅನಿಸಿತು, ನನ್ನ ತಾಯಿಯೂ ಒಳ್ಳೆಯವಳೇ ಆಗಿದ್ದಳು.

ಎರಡನೆಯ ದಿನ ಹನ್ನೊಂದು ತಾರೀಖು ಬಂದವು. ಅವುಗಳಲ್ಲೊಂದಕ್ಕೆ ಸಿಸ್ಟರು ಬಿದ್ದುಬಿದ್ದು ನಕ್ಕರು, ಯಾಕೆಂದು ಎಷ್ಟು ಕೇಳಿದರೂ ನನಗೆ ಹೇಳಲಿಲ್ಲ. ಮೂರನೆಯ ದಿನ ನಾಲ್ಕು ಬಂದವು. ನಾಲ್ಕನೆಯ ದಿನ ಬೆಳಿಗ್ಗೆ ಒಂದು ಬಂತು. ಅದು ಯಾರ ಹುಟ್ಟೂ ಅಲ್ಲ, ಅವಳ ಅಪ್ಪ ತೀರಿಕೊಂಡ ದಿನ. ಸಿಸ್ಟರು ಡೈರಿ ಮುಚ್ಚಿಟ್ಟರು. “ಇಲ್ಲವ್ವಾ, ಇನ್ನೂ ಇಲ್ಲ. ಅಪ್ಪನ ಕಡೆ ಹೋಗೋ ಅವಸರಾ ಏನೈತಿ ನಿನಗ? ಒಂದು ದಿನ, ಒಂದs ದಿನ. ಸಾವಕಾಶ ತಗೊ,” ಎಂದರು. ಆಮೇಲೆ ಬಂದವೆಲ್ಲ ತಾಸಿಗೊಂದರಂತೆ ಆಯಾ ಗಳಿಗೆಯ ಹೊತ್ತುಗಳೇ. ಕಾವಲು ಮುಟ್ಟಿದ್ದು. ಸಂಜೆ ಚಂದ್ರ ಮುಳುಗುವ ತನಕ ಬೇರೇನೂ ಬರಲಿಲ್ಲ.

ನಾನು ಅಂದು ಮನೆಗೆ ಹೋಗಲಿಲ್ಲ. ಹೋಗಿ ಏನು ಮಾಡಲಿ?

ಐದನೆಯ ದಿನ ಗಾಡಿ ಅವಳಿದ್ದಲ್ಲಿಗೆ ತಲುಪಬೇಕಾದ ಹೊತ್ತು ಬೆಳಿಗ್ಗೆ ಒಂಬತ್ತೂವರೆ. ಗಾಡಿಯವರ ಮಾತು ನಮಗೆ ನೇರವಾಗಿ ಬರುವಂತಿರಲಿಲ್ಲ. ಚಂದ್ರನನ್ನು ಸುತ್ತುವ ಉಪಗ್ರಹ ಅವರ ತಲೆಯ ಮೇಲೆ ಬಂದಾಗಲೇ ಬರಬೇಕು, ಅದು ಬರುವುದು ಹನ್ನೊಂದೂವರೆಗೆ. ಸಿಸ್ಟರು ಆರು ಗಂಟೆಯಿಂದ ಮೈಕು ಬಿಟ್ಟಿರಲಿಲ್ಲ. ದನಿ ಕಟ್ಟಿ ಬರೀ ಪಿಸುಮಾತು ಉಳಿದಿತ್ತು. ತಗೊ. ಬಿಡು. ತಗೊ. ಬಿಡು.

ಒಂಬತ್ತೂವರೆ ಆಯಿತು. ಹತ್ತು ಆಯಿತು. ಹತ್ತೂ ಹದಿಮೂರಕ್ಕೆ ಪುಟ ಕೆಂಪಾಯಿತು.

“ತಪ್ಪು: ಹೊತ್ತು ಅಮಾನ್ಯ.”

ಪ್ರೇಷಕ ಕೆಟ್ಟಿತು, ಕೊನೆಯ ಎಳೆಯೂ ಕಡಿಯಿತು ಎಂದುಕೊಂಡೆ. ಸಿಸ್ಟರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಪ್ರೋಗ್ರಾಮು ತೆರೆದೆ. ಒಂಬತ್ತನೆಯ ಸಾಲು ಬಹಳ ಹಿಂದೆ ನಾನೇ ಬರೆದದ್ದು. ಬಂದ ಹೊತ್ತು ಈಗಿನ ಹೊತ್ತಿಗಿಂತ ಮುಂದಿದ್ದರೆ ಅದು ತಪ್ಪು, ಕೆಂಪು ಮಾಡು. ಇನ್ನೂ ಬಾರದ ದಿನದಲ್ಲಿ ಯಾರಾದರೂ ಫೈಲು ಮುಟ್ಟುವುದು ಹೇಗೆ ಎಂದು ಆಗ ನನ್ನ ಬುದ್ಧಿಗೆ ತೋಚಿತ್ತು.

ಕೆಂಪಿನ ಅಡಿಯಲ್ಲಿದ್ದ ಅಂಕಿಯನ್ನು ತೆಗೆದು ಓದಿದೆ. “೨೦೫೭ ಡಿಸೆಂಬರ್ ೨ ರೀ ಅಕ್ಕಾರ. ಹದಿಮೂರು ಗಂಟೆ.”

ಅವರ ಕೈ ಡೈರಿಯ ಕಡೆ ಹೋಗಿ ಅರ್ಧಕ್ಕೆ ನಿಂತಿತು. “ಯಾವ ಇಸವಿ ಅಂದ್ರಿ?”

“ಈ ವರ್ಷದ್ದs.”

“ಈಗಿನ್ನ ಸೆಪ್ಟೆಂಬರ್ ಅಲ್ರಿ. ಡಿಸೆಂಬರ್ ಇನ್ನೂ ಬಂದs ಇಲ್ಲ.”

ಮುಲ್ಲಾ ಮೇಡಂಗೆ ಫೋನು ಹಚ್ಚಿ ಡಿಸೆಂಬರ್ ಎರಡಕ್ಕೆ ಏನಾದರೂ ಇದೆಯೇ ಎಂದು ಕೇಳಿದೆ.

“ವಾಪಸ್ ನೌಕೆ ನವೆಂಬರ್ ಹದಿನೈದಕ್ಕ ಇಳೀತದ,” ಎಂದರು. “ಹದಿನೈದು ದಿನ ತಪಾಸಣಿ. ಡಿಸೆಂಬರ್ ಒಂದಕ್ಕ ಎಲ್ಲಾರನ್ನೂ ಮನಿಗೆ ಬಿಡತೀವಿ. ಮೊನ್ನೆ ನಿಕ್ಕಿ ಆತು. ಗಾಡಿಯೊಳಗಿನ ಇಬ್ಬರಿಗೆ ಬಿಟ್ರ ಅಲ್ಲಿ ಯಾರಿಗೂ ತಿಳಿಸಿಲ್ಲ. ಕಾವಲಿನ ಕಡತಕ್ಕೂ ಹಾಕಿಲ್ಲ. ಯಾಕ್ರಿ ಗುದ್ಲೆಪ್ಪ ಅವರ? ಯಾಕ ಕೇಳಿದ್ರಿ?”

ಗಾಡಿಯವರು ಮುಟ್ಟಿ ಹೇಳದೆ ಅವಳಿಗೆ ಆ ದಿನ ತಿಳಿಯುವಂತಿರಲಿಲ್ಲ. ನಾನು ಫೋನನ್ನು ಸಿಸ್ಟರಿಗೆ ಕೊಟ್ಟೆ. ಅವರು ಕಿವಿಗೆ ಹಿಡಿದು ಎಲ್ಲ ಕೇಳಿಸಿಕೊಂಡರು. ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹಾಳೆ ಹುಡುಕಿ ಎರಡನೆಯ ತಾರೀಖಿನ ಮೇಲೆ ಬೆರಳಿಟ್ಟರು. ಭಾನುವಾರ.

“ಮಧ್ಯಾಹ್ನ ಒಂದು ಗಂಟೆ ಅಂದ್ರ,” ಎಂದರು, “ಊಟಕ್ಕ ಬರತಾಳ.”

ಅಷ್ಟು ಹೇಳಿ, ಕೇಂದ್ರಕ್ಕೆ ಬಂದ ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಆ ಹೆಣ್ಣುಮಗಳು ಕ್ಯಾಲೆಂಡರಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತರು. ನಾನು ಒಂಬತ್ತನೆಯ ಸಾಲನ್ನು ಅಳಿಸಿದೆ. ಪುಟದ ಕೆಂಪು ಹೋಗಿ ಡಿಸೆಂಬರ್ ಎರಡು ಬೇರೆಲ್ಲ ದಿನಗಳಂತೆ ಕಪ್ಪು ಅಕ್ಷರದಲ್ಲಿ ಬಂತು.